ಟ್ರೈಲರ್ ಮೇಲೆ ಹೋದ ವಿಮಾನ

ಅಪ್ಪ ಕಟ್ಟಿದ ವಿಮಾನ ನಮ್ಮ ಊರಿನಿಂದ ಹೊರಟದ್ದು ಟ್ರೈಲರ್ ಮೇಲೆ. ಅದಕ್ಕೆ ಮೊದಲು ಅದು ಎಲ್ಲಿಗೂ ಹೋಗಿರಲಿಲ್ಲ.

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳ ಹಿಂದೆ ಒಂದು ಖಾಲಿ ಸೌದೆ ಡಿಪೋ ಇತ್ತು. ಅದರ ಶೆಡ್ಡಿನಲ್ಲಿ ಅಪ್ಪ ಹಲವು ವರ್ಷ ಕೆಲಸ ಮಾಡಿದರು. ಯಾವುದೋ ಫ್ಲೈಯಿಂಗ್ ಕ್ಲಬ್ಬು ಮುಚ್ಚಿದಾಗ ಪೆಟ್ಟಿಗೆಗಳಲ್ಲಿ ಉಳಿದಿದ್ದ ಬಿಡಿಭಾಗಗಳನ್ನು ತಂದು, ಅಲ್ಯೂಮಿನಿಯಂ ಕೊಳವೆಗಳನ್ನು ಜೋಡಿಸಿ, ಮೇಲೆ ಬಟ್ಟೆ ಎಳೆದು, ಇಬ್ಬರು ಪಕ್ಕಪಕ್ಕ ಕೂರುವಂಥ ಅತಿ ಹಗುರ ವಿಮಾನವೊಂದನ್ನು ನಿಲ್ಲಿಸಿದ್ದರು. ಇಂಜಿನ್ ಸೇರಿಸಿದರೂ ಅದರ ತೂಕ ಒಂದು ಎಮ್ಮೆಯಷ್ಟಾಗುತ್ತಿರಲಿಲ್ಲ. ತಾವೇ ಹಾರಿಸಬೇಕೆಂದು ಅಪ್ಪನಿಗಿತ್ತು. ಕಟ್ಟಿ ಮುಗಿಯುವ ಹೊತ್ತಿಗೆ ಅವರ ಎಡಗಣ್ಣಿನ ದೃಷ್ಟಿ ಹೋಗಿತ್ತು. ಹಾರಲು ಅನುಮತಿ ಸಿಗುವುದಿಲ್ಲವೆಂದು ಡಾಕ್ಟರು ಹೇಳಿದರು. ಅಪ್ಪ ಆ ಮಾತನ್ನು ಮನೆಯಲ್ಲಿ ಒಮ್ಮೆ ತಿಳಿಸಿದರು. ಆಮೇಲೆ ವಿಮಾನ ಮಾರಾಟಕ್ಕಿದೆಯೆಂದು ಸುದ್ದಿ ಬಿಟ್ಟರು.

ನೋಡಲು ಬಂದ ಹೆಚ್ಚಿನವರು ಇಂಜಿನ್ ಮಾತ್ರ ಕೇಳಿದರು. ಬಂಗಾರಪೇಟೆಯಿಂದ ಆಚೆ, ಮಾವಿನ ತೋಟದ ಪಕ್ಕದಲ್ಲಿ ಸ್ವಂತಕ್ಕೆ ಹುಲ್ಲಿನ ರನ್‌ವೇ ಮಾಡಿಕೊಂಡಿದ್ದ ಒಬ್ಬ ನಿವೃತ್ತ ಪೈಲಟ್ ಮಾತ್ರ ವಿಮಾನವನ್ನೇ ಕೇಳಿದರು. ಅವರದು ಒಂದೇ ಷರತ್ತು. ಶೆಡ್ಡಿನಲ್ಲಿ ನೋಡಿದ ಹಾಗೆಯೇ ಅದು ತಮ್ಮ ತೋಟಕ್ಕೆ ಬರಬೇಕು, ದಾರಿಯಲ್ಲಿ ಏನಾದರೂ ಬಾಗಿದರೆ ತಾವು ತೆಗೆದುಕೊಳ್ಳುವುದಿಲ್ಲ. ಅವರೂ ಬಿಟ್ಟರೆ ಅದು ಗುಜರಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತಿತ್ತು.

ವಿಮಾನ ಸಾಗಿಸುವ ದಿನ ನಾನು ರಜೆ ಹಾಕಿದ್ದೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ವಿಮಾನವನ್ನು ಸಾಗಿಸುವುದು ಹೇಗೆಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಹಿಂದಿನ ವಾರ ಕೂತು ಓದಿಕೊಂಡಿದ್ದೆ. ಟ್ರೈಲರ್ ಮತ್ತು ಜೀಪು ಅಪ್ಪನ ಜೊತೆ ಕೆಲಸ ಮಾಡಿದ್ದ ಗೆಳೆಯರೊಬ್ಬರದು. ಅವರ ಮನೆಮಾತು ತಮಿಳು. ಅಪ್ಪನನ್ನು ಅಣ್ಣ ಎಂದೂ ನನ್ನನ್ನು ಚಿಕ್ಕ ಮಗುವಿನಂತೆ ಪಾಪ್ಪಾ ಎಂದೂ ಕರೆಯುತ್ತಿದ್ದರು.

ಬೆಳಿಗ್ಗೆ ಮೊದಲು ಪೆಟ್ರೋಲ್ ಇಳಿಸಿ ಬ್ಯಾಟರಿಯ ತಂತಿ ಬಿಚ್ಚಿದೆವು. ರೆಕ್ಕೆಗಳನ್ನು ಕಳಚಿ ಅಮ್ಮ ಹಳೆಯ ಸೀರೆಗಳಿಂದ ಹೊಲಿದಿದ್ದ ಬೊಂತೆಗಳಲ್ಲಿ ಸುತ್ತಿ, ಟ್ರೈಲರಿನ ಎರಡು ಬದಿಗೂ ಮುಂದಿನ ಅಂಚು ಕೆಳಗೆ ಬರುವಂತೆ ನಿಲ್ಲಿಸಿದೆವು. ಗಾಳಿ ಎದುರಿನಿಂದ ಬರಲೆಂದು ವಿಮಾನದ ಮೂತಿಯನ್ನು ಮುಂದಕ್ಕಿಟ್ಟು, ಚಕ್ರಗಳಿಗೆ ಮರದ ತುಂಡು ಕೊಟ್ಟೆವು. ಟನ್ನುಗಟ್ಟಲೆ ಹೊರುವ ಟ್ರೈಲರಿಗೆ ಇಷ್ಟು ಹಗುರ ಹೊರೆ ಹೇರಿದರೆ ಅದು ಗುಂಡಿಗಳಲ್ಲಿ ಕುಪ್ಪಳಿಸುತ್ತದೆ. ಆದ್ದರಿಂದ ಮರಳಿನ ಮೂಟೆಗಳನ್ನು ಹಾಕಿಸಿ ಟೈರುಗಳ ಗಾಳಿಯನ್ನೂ ಸ್ವಲ್ಪ ಇಳಿಸಿದೆ. ಇಲ್ಲಿಯವರೆಗೆ ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ವಿಮಾನವನ್ನು ಟ್ರೈಲರಿಗೆ ಬಿಗಿಯುವ ಬೆಲ್ಟುಗಳ ವಿಷಯದಲ್ಲಿ.

ಅಪ್ಪ ಬುಲ್ಡೋಜರ್ ಕಾರ್ಖಾನೆಯಲ್ಲಿದ್ದದ್ದು ತಯಾರಾದ ಯಂತ್ರಗಳನ್ನು ಹೊರಗೆ ಕಳಿಸುವ ವಿಭಾಗದಲ್ಲಿ. ಬುಲ್ಡೋಜರುಗಳನ್ನು ರೈಲಿನ ತೆರೆದ ವ್ಯಾಗನ್ನುಗಳ ಮೇಲೆ ಹತ್ತಿಸಿ ಸರಪಳಿಯಿಂದ ಬಿಗಿಯುವುದು ಅವರ ಜೀವಮಾನದ ಕೆಲಸ. ಅಲ್ಲಿ ಒಂದು ಪದ್ಧತಿಯಿತ್ತು: ಹೊರೆ ಕಟ್ಟಿದವನು ವ್ಯಾಗನ್ನಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ತನ್ನ ಗುರುತು ಹಾಕಬೇಕು. ಅಪ್ಪನದು ಒಂದು ಸುತ್ತು, ಅದರೊಳಗೆ ಒಂದು ಗೀಟು. ಆ ಗುರುತಿನ ಹೊರೆ ದಾರಿಯಲ್ಲಿ ಸಡಿಲವಾದದ್ದಿಲ್ಲವೆಂದು ಜೀಪಿನ ಗೆಳೆಯರು ಹೇಳುತ್ತಿದ್ದರು.

"ಅಲ್ಲಾಡಬಾರ್ದು ಕಣಮ್ಮ," ಎಂದರು ಅಪ್ಪ. "ಗಾಡಿ ಬೇರೆ, ಮಾಲು ಬೇರೆ ಅಂತ ಇರಬಾರ್ದು. ಎಲ್ಡೂ ಒಂದೇ ಆಗೋಗಬೇಕು."

ಚಕ್ರದ ಅಚ್ಚನ್ನು ಎಷ್ಟು ಬೇಕಾದರೂ ಬಿಗಿಯಿರಿ, ಅದು ತಡೆಯುತ್ತದೆ ಎಂದೆ. ಬಾಲವನ್ನು ಹೊರುವ ಕೊಳವೆಯನ್ನು ಮಾತ್ರ ಬಿಗಿಯಬೇಡಿ. ಅದರ ಗೋಡೆ ತೆಳು. ಕೆಳಗೆ ದಿಂಬು ಕೊಟ್ಟು, ಮೇಲೆ ಬೊಂತೆ ಸುತ್ತಿ, ಬೆಲ್ಟಿನೊಳಗೆ ಬೆರಳು ತೂರುವಷ್ಟು ಸಡಿಲ ಬಿಡಬೇಕು. ಗೆಳೆಯರು ಜೀಪಿನ ಬಾನೆಟ್ಟಿಗೆ ಒರಗಿಕೊಂಡು ನಕ್ಕರು. "ಅಣ್ಣಾ, ಡೋಜರ್ ಕಟ್ಟೋ ಕೈಯಲ್ಲಿ ಹೂವು ಕಟ್ಟಬೇಕಂತೆ. ಆಗುತ್ತಾ ನಿಮಗೆ?"

ಬಾಲದ ಬೆಲ್ಟನ್ನು ನಾನೇ ಕಟ್ಟಿದೆ. ಅಪ್ಪ ನೋಡುತ್ತ ನಿಂತಿದ್ದರು. ಆಮೇಲೆ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು ಟ್ರೈಲರಿನ ಮುಂದಿನ ಹಲಗೆಯ ಮೇಲೆ ತಮ್ಮ ಗುರುತು ಹಾಕಿದರು. ಅಮ್ಮ ಪ್ರೊಪೆಲ್ಲರಿಗೆ ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಲೈನಿನ ಹೆಂಗಸೊಬ್ಬಳು ಮದುವೆ ಮಾಡಿ ಕಳಿಸ್ತಾ ಇದೀರೇನಕ್ಕಾ ಎಂದು ಕೇಳಿ, ನನ್ನ ಕಡೆ ನೋಡಿ, ಇವಳಿಗಿಂತ ಮುಂಚೆ ಅದಕ್ಕೇ ಆಯ್ತಲ್ಲ ಎಂದಳು.

ರಾಬರ್ಟ್‌ಸನ್‌ಪೇಟೆಯಲ್ಲಿ ಆಟೋಗಳು ದಾರಿ ಬಿಟ್ಟವು. ಒಬ್ಬ ಆಟೋದವನು ಜೀಪಿನ ಪಕ್ಕಕ್ಕೇ ಬಂದು, "ಏನ್ಲಾ, ಏರೋಪ್ಲೇನ್‌ಗೂ ಪಂಚರ್ ಆಯ್ತದಾ?" ಎಂದು ಕೇಳಿದ. ಅಪ್ಪ ಹಿಂದಿನ ಸೀಟಿನಲ್ಲಿ ತಿರುಗಿ ಕೂತು ಬಲಗಣ್ಣಿನಿಂದ ವಿಮಾನವನ್ನೇ ನೋಡುತ್ತಿದ್ದರು. ಪ್ರತಿ ಉಬ್ಬಿಗೂ ಬಾಲ ಸ್ವಲ್ಪ ಮೇಲೆದ್ದು ದಿಂಬಿನ ಮೇಲೆ ಕೂರುತ್ತಿತ್ತು. ಅದು ಹಾಗೇ ಇರಬೇಕಾದದ್ದು. ಆದರೆ ಅದು ಎದ್ದಾಗಲೆಲ್ಲ ಅಪ್ಪನ ಬಲಗೈ ಮುಷ್ಟಿಯಾಗುವುದನ್ನು ನಾನು ಕನ್ನಡಿಯಲ್ಲಿ ಕಂಡೆ.

ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಜೀಪು ನಿಂತಿತು. ನಾನು ಎದುರಿನ ಅಂಗಡಿಗೆ ಟೀ ತರಲು ಹೋದೆ. ಬೆಂಗಳೂರಿನ ಕಡೆಯ ರೈಲು ದಾಟುವವರೆಗೂ ಅಂಗಡಿಯಲ್ಲೇ ನಿಂತಿದ್ದೆ. ಮೂರು ಲೋಟ ಹಿಡಿದುಕೊಂಡು ವಾಪಸ್ ಬಂದಾಗ ಅಪ್ಪ ಟ್ರೈಲರಿನಿಂದ ಇಳಿಯುತ್ತಿದ್ದರು.

ಬೆಲ್ಟು ಸಡಿಲವಾಗಿತ್ತು, ಬಿಗಿ ಮಾಡಿದೆ ಎಂದರು.

ಬೊಂತೆ ಅಮುಕಿಕೊಂಡು ಸಡಿಲವಾಗಿರಬೇಕು. ನಾನು ಲೋಟಗಳನ್ನು ಬಾನೆಟ್ಟಿನ ಮೇಲಿಟ್ಟು ಟ್ರೈಲರ್ ಹತ್ತಿದೆ. ಬಾಲದ ಬೆಲ್ಟಿನೊಳಗೆ ಬೆರಳು ತೂರಲಿಲ್ಲ. ಹಿಡಿ ಎಳೆದಂತೆಲ್ಲ ಕಟ್ ಕಟ್ ಎಂದು ಹಲ್ಲು ಕಚ್ಚಿ ಬಿಗಿಯುವ ಬೆಲ್ಟು ಅದು. ಅಪ್ಪ ತಮ್ಮ ಅಳತೆಗೆ ಎಳೆದಿದ್ದರು. ಅದನ್ನು ಬಿಚ್ಚಿ ಬೊಂತೆ ಸರಿಸಿದೆ. ಕೊಳವೆಯ ಮೇಲೆ ಒಂದು ತಗ್ಗು, ಕಲಸಿದ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿದಷ್ಟು.

ಅಪ್ಪನೂ ಕೆಳಗಿನಿಂದ ನೋಡಿದರು. ಹೇಳಬೇಕಾದದ್ದನ್ನು ಬೆಳಿಗ್ಗೆಯೇ ಹೇಳಿದ್ದೆ. ಬೊಂತೆಯನ್ನು ಮತ್ತೆ ಸುತ್ತಿ, ಬೆರಳು ತೂರುವಷ್ಟು ಬಿಟ್ಟು ಕಟ್ಟಿದೆ. ಗೇಟು ತೆರೆದಿತ್ತು. ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಟೀ ಹಾಗೇ ಉಳಿಯಿತು.

ಸ್ವಲ್ಪ ದೂರ ಹೋದ ಮೇಲೆ ಗೆಳೆಯರು ತಗ್ಗಿದ ದನಿಯಲ್ಲಿ ಅಪ್ಪನಿಗೆ ಸಮಾಧಾನ ಹೇಳಿದರು. ಅಷ್ಟು ಸಣ್ಣ ತಗ್ಗು ಯಾರ ಕಣ್ಣಿಗೆ ಬೀಳುತ್ತೆ, ಬೊಂತೆ ಹಾಗೇ ಇರಲಿ, ದುಡ್ಡಿನ ಮಾತು ಮುಗಿದ ಮೇಲೆ ಬಿಚ್ಚಿದರಾಯಿತು ಎಂದರು. ಅಪ್ಪ ಬಾಲದ ಕಡೆಗೇ ನೋಡುತ್ತಿದ್ದರು. ಆ ತಗ್ಗಿರುವ ಕೊಳವೆ ನೆಲದ ಮೇಲೆ ಏನೂ ಮಾಡುವುದಿಲ್ಲ. ಗಾಳಿಯಲ್ಲಿ ಬಾಲಕ್ಕೆ ಒತ್ತಡ ಬಿದ್ದಾಗ ಅದು ಮಡಚಿಕೊಳ್ಳುವುದಾದರೆ ಅಲ್ಲೇ ಮಡಚಿಕೊಳ್ಳುತ್ತದೆ. ಅದು ಅಪ್ಪನಿಗೂ ಗೊತ್ತಿತ್ತು. ಅವರು ಹೇಳದಿದ್ದರೆ ನಾನು ಹೇಳಬೇಕಾಗುತ್ತಿತ್ತು. ಅದನ್ನು ಯಾವ ಮಾತಿನಲ್ಲಿ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ತೋಟದಲ್ಲಿ ಪೈಲಟ್ ಮೂತಿಯಿಂದ ಶುರುಮಾಡಿದರು. ಪ್ರೊಪೆಲ್ಲರ್ ಸವರಿ ನೋಡಿದರು, ಇಂಜಿನ್ನಿನ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿದರು, ರೆಕ್ಕೆಗಳ ಬಟ್ಟೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಒಳ್ಳೆಯ ಕೆಲಸ ಎಂದರು. ಬಾಲದ ತುದಿಯ ಪಟ್ಟಿಗಳನ್ನು ಆಡಿಸಿ ನೋಡಿ, ಬೊಂತೆ ಸುತ್ತಿದ್ದ ಜಾಗವನ್ನು ದಾಟಿ, ಕೈ ಒರೆಸಿಕೊಂಡರು. ಹಾಗಾದರೆ ಇಳಿಸೋಣ ಎಂದು ಕೈ ನೀಡಿದರು.

ಅಪ್ಪ ಕೈ ಕೊಡಲಿಲ್ಲ. ಟ್ರೈಲರ್ ಹತ್ತಿ ಬೆಲ್ಟು ಬಿಚ್ಚಿದರು, ಬೊಂತೆ ತೆಗೆದು ಮಡಚಿ ಪಕ್ಕಕ್ಕಿಟ್ಟರು. ಜೇಬಿನಿಂದ ಸೀಮೆಸುಣ್ಣ ತೆಗೆದು ಆ ತಗ್ಗಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ಗೀಟು ಎಳೆದರು.

"ಇದು ದಾರೀಲಿ ಆಯ್ತು," ಎಂದರು. "ಬಿಗಿದಿದ್ದು ನಾನೇ. ಮಗಳು ಬೇಡ ಅಂದಿದ್ಲು."

ಪೈಲಟ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇದನ್ನು ಹೀಗೆ ತೆಗೆದುಕೊಳ್ಳಲಾಗುವುದಿಲ್ಲ ಎಂದರು. ಗೆಳೆಯರು ಮುಖ ತಿರುಗಿಸಿಕೊಂಡು ಜೀಪಿನ ಕಡೆ ನಡೆದರು. ಅಪ್ಪ ಮಡಚಿದ ಬೊಂತೆಯನ್ನು ಮತ್ತೆ ಬಿಡಿಸತೊಡಗಿದರು, ವಾಪಸ್ ಕಟ್ಟುವುದಕ್ಕೆ.

"ಇರಿ," ಎಂದರು ಪೈಲಟ್. "ಕೊಳವೆ ಬದಲಾಯಿಸೋಕೆ ನಿಮಗೆ ಬರುತ್ತಲ್ಲ?"

"ಆಕಿದ್ದು ನಾನೇ ಅಲ್ವಾ."

"ಹಾಗಾದ್ರೆ ಇಲ್ಲೇ ಬಂದು ಬದಲಾಯಿಸಿ. ಬೇರೆಯವರ ಕೈಗೆ ಕೊಡೋದಿಲ್ಲ ನಾನು."

ವಿಮಾನವನ್ನು ಇಳಿಸಿ ಅವರ ತಗಡಿನ ಶೆಡ್ಡಿಗೆ ತಳ್ಳಿದೆವು. ವಾಪಸ್ ಬರುವಾಗ ಖಾಲಿ ಟ್ರೈಲರ್ ಪ್ರತಿ ಗುಂಡಿಗೂ ಬಡಿಯುತ್ತಿತ್ತು. ವಿಮಾನ ಇಳಿಸುವಾಗ ಕೆಳಗಿಟ್ಟ ಮರಳಿನ ಮೂಟೆಗಳನ್ನು ಅಲ್ಲೇ ಮರೆತಿದ್ದೆವು.

ಹೊಸ ಕೊಳವೆ ಬರಲು ತಡವಾಯಿತು. ಬಂದ ಮೇಲೆ ಅಪ್ಪ ದಿನವೂ ಬೆಳಗಿನ ರೈಲು ಹಿಡಿದು ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಸಿಕ್ಕಿದ ಗಾಡಿಯಲ್ಲಿ ತೋಟ ಸೇರಿ, ಸಂಜೆ ಮರಳುತ್ತಿದ್ದರು. ಒಂದು ಸಂಜೆ ಕೈ ತೊಳೆಯುತ್ತ, ಇವತ್ತು ಹಾರಿತು ಎಂದು ಅಮ್ಮನಿಗೆ ಹೇಳಿದರು. ನೀವೂ ಕೂತಿದ್ರಾ ಎಂದು ಅಮ್ಮ ಕೇಳಿದರು. ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಿದ್ದರೆಂದೂ, ಅಲ್ಲಿ ಹಾಕುವ ಬೆಲ್ಟನ್ನು ಬಿಗಿಯುವಾಗ ಪೈಲಟ್ ಬೆರಳು ತೂರಿಸಿ ನೋಡಿದರೆಂದೂ ಹೇಳಿ ಊಟಕ್ಕೆ ಕೂತರು.

ಹಳೆಯ ಕೊಳವೆಯನ್ನು ಅವರು ರೈಲಿನಲ್ಲೇ ಮನೆಗೆ ತಂದಿದ್ದರು. ಅಮ್ಮ ಈಗ ಅದನ್ನು ಬಟ್ಟೆ ಒಣಹಾಕುವ ತಂತಿಗೆ ಆಸರೆಯಾಗಿ ಕೊಟ್ಟಿದ್ದಾರೆ. ಸೀಮೆಸುಣ್ಣ ಮೊದಲ ಮಳೆಗೇ ಹೋಯಿತು. ಒದ್ದೆ ಬೆಡ್‌ಶೀಟುಗಳು ಬಿದ್ದ ದಿನ ಕೊಳವೆ ಆ ತಗ್ಗಿನ ಹತ್ತಿರ ತುಸು ಬಾಗುತ್ತದೆ. ಭಾರ ಆ ತಗ್ಗಿನ ಮೇಲೆ ಬೀಳದಂತೆ ಅಪ್ಪ ಅದನ್ನು ತಿರುಗಿಸಿ ನಿಲ್ಲಿಸುತ್ತಾರೆ.