ತಿಪ್ಪೇಸ್ವಾಮಣ್ಣನ ಬೆರಳು

ತಿಪ್ಪೇಸ್ವಾಮಣ್ಣ ಏನನ್ನೇ ಮುಟ್ಟಿ ನೋಡುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಕೆಲಸ ಮಾಡುವ ಹಿರಿಯೂರಿನ ರಕ್ತಪರೀಕ್ಷೆ ಲ್ಯಾಬಿಗೆ ಮೊದಲ ಸಲ ಬಂದ ದಿನ ಕಬ್ಬಿಣದ ಬೆಂಚಿನ ಮೇಲೆ ಕುಳಿತು, ಅದರ ಅಂಚಿನುದ್ದಕ್ಕೂ ನಡುಬೆರಳಾಡಿಸಿ, "ಇಲ್ಲಿ ಮುರಿದಿತ್ತು, ವೆಲ್ಡಿಂಗ್ ಮಾಡ್ಸೀರಿ. ಮಾಡ್ದೋನು ಅವಸರದೋನು" ಎಂದರು. ಆ ಬೆಂಚಿನಲ್ಲಿ ಅಂಥದ್ದೊಂದು ಗುರುತಿರುವುದು ವರ್ಷಗಟ್ಟಲೆ ಒರೆಸಿದ ನನಗೇ ಗೊತ್ತಿರಲಿಲ್ಲ.

ಅವರ ಹುಟ್ಟೂರು ಯಲ್ಲದಕೆರೆ. ಹೆದ್ದಾರಿ ಪಕ್ಕದ ಗ್ಯಾರೇಜುಗಳಲ್ಲಿ ಕಾರುಗಳಿಗೆ ಬಣ್ಣ ಹೊಡೆದೇ ಬದುಕಿದವರು. ಸೊಂಟ ಹಿಡಿದುಕೊಂಡ ಮೇಲೆ ದೊಡ್ಡ ಕಾರು ಬಿಟ್ಟು ಅಂಗೈಯಗಲದ ಕಾರು ಹಿಡಿದರು. ಲೋಹದ ಪುಟ್ಟ ಮಾದರಿ ಕಾರುಗಳನ್ನು ಕೂಡಿಡುವ ಹುಚ್ಚಿನವರು ಚಿತ್ರದುರ್ಗ, ಹೊಸದುರ್ಗದಿಂದೆಲ್ಲ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅವರ ಮನೆ ನಮ್ಮ ಲ್ಯಾಬಿನ ಹಿಂದಿನ ಬೀದಿಯಲ್ಲೇ. ಊಟದ ಬಿಡುವಿನಲ್ಲಿ ಹೋಗಿ ಅವರ ಶೆಡ್ಡಿನಲ್ಲಿ ಕೂರುವುದು ನನಗೆ ಅಭ್ಯಾಸವಾಯಿತು. ಅವರ ಹೆಂಡತಿ ಗೌರಮ್ಮ ಮಜ್ಜಿಗೆ ತಂದುಕೊಡುತ್ತಿದ್ದರು.

ಮಿನುಗುವ ಬೆಳ್ಳಿ ಬಣ್ಣ ಎಂದರೆ ಅವರಿಗೆ ಪ್ರಾಣ. "ಈ ಬಣ್ಣದಾಗೆ ಸಣ್ಣ ಸಣ್ಣ ಲೋಹದ ಪುಡಿ ಇರ್ತೈತಮ್ಮ. ಅವೆಲ್ಲ ಒಂದೇ ಕಡೀಕೆ ಮಲಗಿದ್ರೆ ಬೆಳಕು ಚೆಂದ. ಮ್ಯಾಲೆ ಉಜ್ಜಿದ್ಯೋ, ಎದ್ದು ಕುಂತ್ಕಂತವೆ. ಮೋಡ ಕವಿದಂಗಾಗ್ತೈತೆ. ಏನು ಉಜ್ಜಾದಿದ್ರೂ ಕೆಳಗ್ಲ ಪ್ರೈಮರ್ ಉಜ್ಜು, ಮ್ಯಾಲ್ಗಡೆ ಪಾರದರ್ಶಕ ಕೋಟ್ ಉಜ್ಜು. ನಡುವಿನ ಬೆಳ್ಳಿ ಮುಟ್ಟಬ್ಯಾಡ." ಪ್ರೈಮರನ್ನು ನೀರು ಹಚ್ಚಿದ ಉಪ್ಪುಕಾಗದದಿಂದ ಉಜ್ಜಿ, ಬೆರಳಾಡಿಸಿ, "ಇನ್ನೂ ರವೆ" ಎನ್ನುವರು. ಮತ್ತೆ ಉಜ್ಜಿ, "ಈಗ ರಾಗಿಹಿಟ್ಟು" ಎನ್ನುವರು. ಕೊನೆಗೆ "ಅಕ್ಕಿಹಿಟ್ಟು" ಎಂದರೆ ಬಣ್ಣಕ್ಕೆ ಸಿದ್ಧವಾಯಿತೆಂದು ಅರ್ಥ.

ಪ್ರತಿ ತಿಂಗಳೂ ಸಕ್ಕರೆ ಪರೀಕ್ಷೆಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಅವರ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿ ತೆಗೆದು, ಹತ್ತಿ ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು.

"ಚುಚ್ಚಮ್ಮ, ಹೊತ್ತಾತು" ಎಂದರು.

"ಆಗ್ಲೇ ಚುಚ್ಚಿದೆ ಅಣ್ಣ."

ಅವರು ಕಣ್ಣು ತೆರೆದು ಹತ್ತಿಯ ಮೇಲಿನ ಕೆಂಪನ್ನು ನೋಡಿದರು. "ನಿನ್ನ ಕೈ ಭಾಳ ಹಗುರ ಐತೆ ಬಿಡು" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ಬೆರಳು ಮರಗಟ್ಟುತ್ತಿದೆಯೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕಿತ್ತು?

ಆ ಮಳೆಗಾಲದಲ್ಲಿ ಹೊಳಲ್ಕೆರೆಯಿಂದ ಶಾರದಾ ಎಂಬ ಟೀಚರ್ ತಿಪ್ಪೇಸ್ವಾಮಣ್ಣನ ಶೆಡ್ಡಿಗೆ ಬಂದರು. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು. ತಮ್ಮ ಮೊದಲ ಕಾರಿನಂಥದ್ದೇ ಪುಟ್ಟ ಕಾರೊಂದನ್ನು ಗಂಡ ಮೇಜಿನ ಮೇಲಿಟ್ಟುಕೊಂಡಿದ್ದರಂತೆ. ಅದರ ಬಣ್ಣ ಗುಳ್ಳೆಯೆದ್ದಿತ್ತು. ಟೀಚರ್ ಕೈಚೀಲದಿಂದ ಆ ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, "ಇದೊಂದೇ ಉಳಿದೈತ್ರಿ. ಇದೇ ಬೂದು ಬೆಳ್ಳಿ ಬರ್ಬೇಕು" ಎಂದರು. ತಿಪ್ಪೇಸ್ವಾಮಣ್ಣ ಮುಚ್ಚಳವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

ಮರುವಾರ ನಾನು ಹೋದಾಗ ಅವರು ಪ್ರೈಮರ್ ಹೊಡೆದ ಕಾರನ್ನು ಕೆಳತುಟಿಗೆ ಒತ್ತಿಕೊಂಡಿದ್ದರು. "ಬೆರಳಿಗೆ ಏನೂ ತಿಳೀವಲ್ದು ಕಣಮ್ಮ. ತುಟಿಗೂ ಸರಿಯಾಗಿ ಸಿಗ್ತಿಲ್ಲ. ಗೌರಿ ಕೈ ನೋಡಿದ್ರೆ ಬೂದಿ ತಿಕ್ಕಿ ತಿಕ್ಕಿ ಒರಟಾಗೈತೆ. ನೀನು ನೋಡು. ರವೆನೋ, ಹಿಟ್ಟೋ?"

ನಾನು ಬೆರಳಾಡಿಸಿದೆ. ನನಗೆ ನುಣುಪೆನಿಸಿತು. ಲ್ಯಾಬಿಗೆ ಹೊತ್ತೂ ಆಗಿತ್ತು. "ಅಕ್ಕಿಹಿಟ್ಟು" ಎಂದುಬಿಟ್ಟೆ.

ಮಾರನೆಯ ದಿನ ಬೆಳ್ಳಿ ಬಿದ್ದ ಕೂಡಲೇ ಗೀರುಗಳೆಲ್ಲ ಎದ್ದು ಕಂಡವು, ಬೆಕ್ಕು ಪರಚಿದ ಹಾಗೆ. ಅವರು ಬಣ್ಣ ತೊಳೆದು ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಗೀರು ಉಳಿದೀತೆಂದು ಹೆದರಿ ಉಜ್ಜಿದ್ದು ಹೆಚ್ಚಾಯಿತು, ಕಾರಿನ ಮೂಲೆಗಳು ಸವೆದವು. ಮೂರನೆಯ ಸಲ ಉಜ್ಜುವುದಕ್ಕೇ ಹೆದರಿ ಕೋಟಿನ ಮೇಲೆ ಕೋಟು ಕೊಟ್ಟರು. ದೂರದಿಂದ ನೋಡಿದರೆ ಮುಚ್ಚಳದ ಬಣ್ಣಕ್ಕೂ ಕಾರಿನ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಟೀಚರ್ ಬಂದು ಕಾರನ್ನು ಬೆಳಕಿಗೆ ಹಿಡಿದರು. ಮುಖ ಅರಳಿತು. ಆಮೇಲೆ ಕಾರನ್ನು ಅತ್ತಿತ್ತ ತಿರುಗಿಸುತ್ತಾ, "ಬಾಗಿಲು ಎಲ್ಲೈತ್ರಿ? ಅವರು ಕೂರ್ತಿದ್ದ ಕಡೆ ಬಾಗಿಲ ಗೆರೆ ಇತ್ತಲ್ಲ?" ಎಂದರು.

ಬಾಗಿಲ ಗೆರೆ ಬಣ್ಣದಲ್ಲಿ ಮುಚ್ಚಿಹೋಗಿತ್ತು. ಟೀಚರ್‌ಗೆ ಥಟ್ಟನೆ ಅರ್ಥವಾಯಿತೇನೋ, "ಇರ್ಲಿ ಬಿಡ್ರಿ, ಬಣ್ಣ ಅದೇ ಬಂದೈತೆ" ಎಂದು ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟರು. ಅವರು ಬೀದಿ ತಿರುವು ದಾಟುವವರೆಗೂ ತಿಪ್ಪೇಸ್ವಾಮಣ್ಣ ಬಾಗಿಲಲ್ಲಿ ನಿಂತಿದ್ದರು. ಅವರು ಒಳಗೆ ಬಂದಾಗ ನಾನು, "ತಪ್ಪು ಹೇಳಿದ್ದು ನಾನಲ್ವೇ ಅಣ್ಣ" ಎಂದೆ. "ಕೇಳಿದ್ದು ನಾನು. ಕೇಳೋ ಗತಿ ಬಂದಾಗ್ಲೇ ಕೈ ಬಿಡ್ಬೇಕಿತ್ತು" ಎಂದರು. ಆ ವಾರವೇ ಬಣ್ಣ ಹೊಡೆಯುವ ಸ್ಪ್ರೇ ಗನ್ ಗುಜರಿಗೆ ಹೋಯಿತು.

ಆಮೇಲೆ ಅವರು ಪರೀಕ್ಷೆಗೂ ಬರಲಿಲ್ಲ. ಎರಡು ಸಲ ಹೋಗಿ ಕರೆದೆ. "ನಂಬರ್ ತಿಳ್ಕಂಡು ಏನ್ ಮಾಡಾಣ?" ಎಂದು ಕಳಿಸಿಬಿಟ್ಟರು. ಬೇಸಿಗೆಯಲ್ಲಿ ಗೌರಮ್ಮ ಅಳುತ್ತಾ ಲ್ಯಾಬಿಗೆ ಬಂದರು. ವಾರದ ಹಿಂದೆ ಬಿಸಿಲಿಗೆ ಕಾದ ತಗಡಿನ ಮೇಲೆ ಬರಿಗಾಲಲ್ಲಿ ನಿಂತು ಪಾದ ಸುಟ್ಟದ್ದು ಅಣ್ಣನಿಗೆ ತಿಳಿದೇ ಇರಲಿಲ್ಲವಂತೆ. ಹೋಗಿ ನೋಡಿದರೆ ಪಾದ ಕಪ್ಪಾಗಿತ್ತು.

"ನೋವಿಲ್ಲ ಕಣಮ್ಮ, ಯಾಕ್ ಗಾಬರಿ?" ಎಂದರು ಅವರು.

ಅದೇ ಮಧ್ಯಾಹ್ನ ಕಾರು ಮಾಡಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಹೊರಟೆವು. ಗೌರಮ್ಮ ಮುಂದೆ ಕುಳಿತರು, ನಾನು ಅಣ್ಣನ ಪಕ್ಕ ಹಿಂದೆ. ಅವರು ಕಿಟಕಿಯಾಚೆ ಗಾಳಿಯಂತ್ರಗಳನ್ನು ನೋಡುತ್ತಿದ್ದರು. ಚಿತ್ರದುರ್ಗ ಹತ್ತಿರ ಬಂದಾಗ ತಿರುಗಿ ತಮ್ಮ ಕೈ ನೋಡಿಕೊಂಡರು. ಅದು ನನ್ನ ಎರಡೂ ಕೈಗಳ ನಡುವೆ ಇತ್ತು.

"ಯಾವಾಗ ಹಿಡ್ಕಂಡೆ?" ಎಂದರು.

"ಐಮಂಗಲ ದಾಟಿದಾಗ್ಲಿಂದ ಹಿಡ್ಕಂಡಿದೀನಿ ಅಣ್ಣ."

ಅವರು ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಎಂಟನೆಯ ದಿನ, ಕಾಲು ಕತ್ತರಿಸಿದ ಮೇಲೂ ನಂಜು ನಿಲ್ಲದೆ, ಆ ಆಸ್ಪತ್ರೆಯಲ್ಲೇ ತೀರಿಕೊಂಡರು.