ಗೆರೆ ತುಳಿದ ಕಾಲು

ಕೊಳ್ಳೇಗಾಲದ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರೇ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೂ ರೆಫರಿ. ಸುತ್ತಲಿನ ಊರುಗಳಲ್ಲಿ ನಿಯಮ ತಿಳಿದವರು ಬೇರೆ ಯಾರೂ ಇರಲಿಲ್ಲ. ಸೀಟಿ ಊದಿದಾಗಲೆಲ್ಲ ಜಗಳಕ್ಕೆ ಬರುವವರಿಗೆ, ಕಣ್ಣುಜ್ಜಿಕೊಳ್ಳುತ್ತಾ, “ನಾನೇನ್ ಮಾಡ್ಲಪ್ಪಾ?” ಎನ್ನುತ್ತಿದ್ದರು.

ಅರವತ್ತರ ದಶಕದ ಕೊನೆಯಲ್ಲೊಮ್ಮೆ ಯಳಂದೂರಿನವರ ಮೇಲೆ ಫೈನಲ್. ಆಟ ಮುಗಿಯುವ ಹೊತ್ತು, ನಾವು ಒಂದು ಪಾಯಿಂಟ್ ಹಿಂದೆ. ಗೆರೆಯ ಹಿಂದೆ ನಿಂತು ಒಂದು ಪಾಯಿಂಟಿಗೆ ಎಸೆಯುವ ಕೊನೆಯ ಫ್ರೀ ಥ್ರೋ ನಮ್ಮ ನಾಯಕನದು. ಅವನು ಮೇಷ್ಟ್ರ ಅಕ್ಕನ ಮಗ, ಅವರ ಮನೆಯಲ್ಲೇ ಬೆಳೆದವನು. ಚೆಂಡು ರಿಂಗಿನೊಳಗೆ ಇಳಿಯಿತು. ಸಮವಾಯಿತೆಂದು ನಾವು ಕುಣಿದೆವು. ಆದರೆ ಚೆಂಡು ರಿಂಗ್ ಮುಟ್ಟುವ ಮೊದಲೇ ಅವನ ಕಾಲು ಸುಣ್ಣದ ಗೆರೆ ತುಳಿದಿತ್ತು. ಮೇಷ್ಟ್ರು ಸೀಟಿ ಊದಿ, ಪಾಯಿಂಟ್ ಇಲ್ಲವೆಂದು ಕೈಯಾಡಿಸಿ, ಚೆಂಡನ್ನು ಯಳಂದೂರಿನವರಿಗೆ ಕೊಟ್ಟರು. ನಾವು ಸೋತೆವು.

“ಬಾಲು ಒಳಿಕ್ಕೋಗಿದ್ದು ಕಾಣ್ನಿಲ್ವಾ ಸಾ?” ಎಂದು ಜನ ಮುತ್ತಿಕೊಂಡರು.

“ಬಾಲೂ ಕಾಣ್ತು, ಕಾಲೂ ಕಾಣ್ತು ಕಣ್ರಪ್ಪಾ,” ಎಂದು ಮೇಷ್ಟ್ರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಯಾರೋ ಮಣ್ಣು ಎರಚಿದರು. ಅವರು ತಲೆಯೆತ್ತಲಿಲ್ಲ.

ಜನ ಕರಗಿದ ಮೇಲೆ ಅಕ್ಕನ ಮಗ ಬಂದು ಎದುರು ನಿಂತ. “ಮಾವ, ಗೆರೆ ತುಳ್ದಿದ್ದೆ.”

“ಗೊತ್ತು ಕಣ್ಲಾ. ವಸಿ ಕೈ ಕೊಡು, ಏಳಕ್ಕಾಯ್ತಿಲ್ಲ.”

ಅವನು ಎರಡೂ ಕೈ ಕೊಟ್ಟು ಎಬ್ಬಿಸಿದ.