ಕಡ್ಡಿಯಣ್ಣನ ಮನೆಯ ಸಿಗ್ನಲ್

ಮನೆಯೊಳಗೆ ವೈಫೈ ಸರಿಯಾಗಿ ಬರದಿದ್ದರೆ ಆ ಬಡಾವಣೆಯವರು ಕರೆಯುವುದು ಕಡ್ಡಿಯಣ್ಣನನ್ನು. ಈ ಹೆಸರಿಗೆ ಎರಡು ಕಾರಣ ಹೇಳುತ್ತಾರೆ. ಮೊಬೈಲಿನ ಮೂಲೆಯಲ್ಲಿ ಕಾಣುವ ಸಿಗ್ನಲ್ಲಿನ ಕಡ್ಡಿಗಳನ್ನು ಒಂದರಿಂದ ನಾಲ್ಕಕ್ಕೆ ಏರಿಸಿಕೊಡುವುದು ಅವನ ಕಸುಬು, ಅದು ಒಂದು. ಆಳೂ ಕಡ್ಡಿಯ ಹಾಗೇ ಇದ್ದಾನೆ, ಅದು ಇನ್ನೊಂದು. ನನ್ನನ್ನು ಕೇಳಿದರೆ ಮೂರನೆಯದೂ ಇದೆ, ಮನುಷ್ಯನ ಮಾತು ಕಡ್ಡಿ ಮುರಿದ ಹಾಗೆ.

ಅವನ ಕೆಲಸದ ರೀತಿಯೇ ಬೇರೆ. ಬಾಗಿಲು ತೆಗೆದ ಕೂಡಲೇ ಮನೆಯವರು ಅಲ್ಲಿ ಬರಲ್ಲ, ಇಲ್ಲಿ ಬರಲ್ಲ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಅವನು ಕೈ ಅಡ್ಡ ಹಿಡಿದು, "ಎಲ್ಲಿ ಬರಲ್ಲ ಅನ್ನೋದು ಆಮೇಲೆ. ಮೊದ್ಲು ನೀವು ಕೂತ್ಕೊಳ್ಳೋ ಜಾಗ ತೋರ್ಸಿ" ಎನ್ನುತ್ತಾನೆ. ಜನ ತಬ್ಬಿಬ್ಬಾಗುತ್ತಾರೆ. ಮರ್ಯಾದೆಗೆಂದು ಸೋಫಾ ತೋರಿಸುವ ಯಜಮಾನರು ನಿಜಕ್ಕೂ ಕೂರುವುದು ಹಿತ್ತಲ ಬಾಗಿಲ ಹತ್ತಿರದ ಮೋಟು ಸ್ಟೂಲಿನ ಮೇಲೆ. ಅಲ್ಲಿಗೆ ಹೆಂಡತಿ ಬರುವುದಿಲ್ಲ. ಆ ಸ್ಟೂಲು ಸಿಗುವವರೆಗೆ ಕಡ್ಡಿಯಣ್ಣ ಏಣಿ ಬಿಚ್ಚುವುದಿಲ್ಲ. ಸಿಕ್ಕಿತೆಂದರೆ ಅಲ್ಲಿ ತನ್ನ ಫೋನು ಹಿಡಿದು ನಂಬರ್ ನೋಡುತ್ತಾನೆ. ಮೂವತ್ತು ಅಂದರೆ ರೌಟರ್ ಪೆಟ್ಟಿಗೆ ಮಗ್ಗುಲಲ್ಲೇ ಇದ್ದ ಹಾಗೆ. ಎಂಬತ್ತು ಅಂದರೆ ಇದ್ದೂ ಇಲ್ಲದ ಹಾಗೆ. ನಂಬರ್ ಏರಿದಷ್ಟೂ ಕೆಟ್ಟದ್ದು, ಅಷ್ಟು ತಿಳಿದರೆ ಸಾಕು.

ರೌಟರನ್ನು ತಪ್ಪು ಜಾಗದಲ್ಲಿ ಇಟ್ಟವರಿಗೆ ಅವನ ಬಾಯಲ್ಲಿ ಉಳಿಗಾಲವಿಲ್ಲ. ಮೀನಿನ ತೊಟ್ಟಿಯ ಹಿಂದೆ ಇಟ್ಟವರಿಗೆ, ಕಬ್ಬಿಣದ ಬೀರುವಿನ ತಲೆಯ ಮೇಲೆ ಇಟ್ಟವರಿಗೆ, ಚಂದ ಕಾಣುವುದಿಲ್ಲವೆಂದು ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿದವರಿಗೆ ಬೇರೆ ಬೇರೆ ಬೈಗುಳಗಳಿವೆ. ಎಲ್ಲಕ್ಕಿಂತ ಅವನಿಗೆ ಸಿಟ್ಟು ಬರುವುದು, ಪೆಟ್ಟಿಗೆಯನ್ನು ಬಾಗಿಲು ಹಾಕಿದ ಕೋಣೆಯೊಳಗೆ ಬಿಟ್ಟು ಹೊರಗೆಲ್ಲ ರಿಪೀಟರ್ ಸಿಕ್ಕಿಸುವವರ ಮೇಲೆ. ರಿಪೀಟರ್ ಅಂದರೆ ಬಂದ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ದಾಟಿಸುವ ಪುಟ್ಟ ಯಂತ್ರ. "ಅದಕ್ಕೇ ಸರಿಯಾಗಿ ಕೇಳಿಸ್ತಿಲ್ಲ, ಮುಂದಿನವರಿಗೆ ಏನು ಹೇಳುತ್ತೆ? ಪೆಟ್ಟಿಗೆ ಹೊರಗೆ ತನ್ನಿ" ಎಂದು ಗದರುತ್ತಾನೆ.

ಇಷ್ಟೆಲ್ಲ ಹೇಳುವವನ ಸ್ವಂತ ಮನೆಯಲ್ಲಿ ಪೆಟ್ಟಿಗೆ ಇರುವುದು ಬಾಗಿಲು ಹಾಕಿದ ಹಿಂದಿನ ಕೋಣೆಯಲ್ಲಿ. ಹೊರಗೆ ಮೂರು ರಿಪೀಟರ್‌ಗಳಿವೆ.

ಅದು ಅವನ ಹೆಂಡತಿ ಮಲಗಿದ್ದ ಕೋಣೆ. ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದಳು. ದೂರದಲ್ಲಿರುವ ತಂಗಿಯ ಜೊತೆ ಮುಖ ನೋಡಿ ಮಾತಾಡಲಿ ಎಂದು ಅವನೇ ಪೆಟ್ಟಿಗೆಯನ್ನು ಹಜಾರದಿಂದ ಕಿತ್ತು ಅವಳ ತಲೆದೆಸೆಯ ಗೋಡೆಗೆ ಹೊಡೆದಿದ್ದ. ಎಂಟು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಅವಳು ಹೋದಳು. ಅವನು ಆಗ ಯಾರದೋ ಮನೆಯಲ್ಲಿ ಏಣಿಯ ಮೇಲಿದ್ದ. ಮನೆಯಿಂದ ಮಗಳು ಫೋನ್ ಮಾಡಿದ್ದಳು, ಅವನು ಎತ್ತಲಿಲ್ಲ. ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಆ ಮನೇಲಿ ಸಿಗ್ನಲ್ಲೇ ಇರ್ಲಿಲ್ಲ" ಎಂದು ಅವನು ನಾದಿನಿಗೆ ಹೇಳಿದ, ನೆರೆಯವರಿಗೆ ಹೇಳಿದ. ಸಿಗ್ನಲ್ಲಿನ ವಿಷಯದಲ್ಲಿ ಕಡ್ಡಿಯಣ್ಣನ ಮಾತಿಗೆ ಯಾರು ಎದುರಾಡುತ್ತಾರೆ? ಎಲ್ಲರೂ ತಲೆಯಾಡಿಸಿದರು.

ಅವನು ಅಳಲಿಲ್ಲ. ಅಳು ಬಾರದ್ದಕ್ಕೆ ಬೇಜಾರೂ ಆಗಲಿಲ್ಲ. ಹೊತ್ತುಹೊತ್ತಿಗೆ ಉಂಡ, ಹಜಾರದಲ್ಲಿ ಚಾಪೆ ಹಾಕಿ ಮಲಗಿದ, ಬೆಳಗ್ಗೆ ಎದ್ದು ಏಣಿ ಹೊತ್ತುಕೊಂಡು ಹೋದ. ತುಂಬ ಹೊತ್ತು ಒಂದೇ ಮಗ್ಗುಲಿಗೆ ಮಲಗಿ ಎದ್ದಾಗ ಕೈ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಮೈಯೆಲ್ಲ ಹಾಗಾಗಿತ್ತು. ಆ ಕೋಣೆಯ ಬಾಗಿಲನ್ನು ಎಳೆದುಕೊಂಡವನು ಮತ್ತೆ ಮುಟ್ಟಲಿಲ್ಲ.

ಮಗಳಿಗೆ ಇಪ್ಪತ್ತಮೂರು. ಬಟ್ಟೆ ಒಗೆಯುವ ಯಂತ್ರ ಮಾರುವ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಯಂತ್ರ ಕೆಟ್ಟವರು ಫೋನ್ ಮಾಡಿ ರೇಗುತ್ತಾರೆ, ಇವಳು ತಾಳ್ಮೆಯಿಂದ ಕೇಳಿ ಬರೆದುಕೊಳ್ಳಬೇಕು. ಕೊನೆಗೆ "ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಕೇಳಿಯೇ ಕರೆ ಮುಗಿಸಬೇಕು. ಅದನ್ನು ಕೇಳುವ ಮೊದಲೇ ಕರೆ ತುಂಡಾದರೆ ಇವಳ ಹೆಸರಿನ ಮುಂದೆ ಒಂದು ಕೆಂಪು ಗುರುತು ಬೀಳುತ್ತದೆ.

ಇಷ್ಟು ದಿನ ಹಗಲು ಪಾಳಿ ಇತ್ತು, ಒಂದು ಗುರುತೂ ಇರಲಿಲ್ಲ. ಎರಡು ವಾರದ ಹಿಂದೆ ಸಂಜೆ ಪಾಳಿಗೆ ಹಾಕಿದರು, ಅಂದಿನಿಂದ ಗ್ರಹಚಾರ ಹಿಡಿಯಿತು. ಹಜಾರದ ಮೇಜಿನ ಮುಂದೆ ಕೂತು ಅವಳು "ಹೇಳಿ ಮೇಡಂ, ಕೇಳ್ತಿದೆ" ಎನ್ನುವಳು, ಆ ಕಡೆಯ ದನಿ ಕೊರಕೊರ ಎಂದು ಸತ್ತುಹೋಗುವುದು. ಕಡ್ಡಿಯಣ್ಣ ಮೊದಲ ದಿನ ನಡುಬಾಗಿಲ ಹತ್ತಿರ ಒಂದು ರಿಪೀಟರ್ ಸಿಕ್ಕಿಸಿದ. ಮೂರನೆಯ ದಿನ ಮೇಜಿನ ಕೆಳಗೆ ಇನ್ನೊಂದು. ಮುಂದಿನ ವಾರ ಅಡುಗೆಮನೆಯ ಗೋಡೆಗೆ ಮತ್ತೊಂದು. ಯಾವನಾದರೂ ಗಿರಾಕಿ ಹೀಗೆ ಮಾಡಿದ್ದರೆ ಅವನ ಏಳು ತಲೆಮಾರನ್ನು ಎಳೆದು ಬೈಯುತ್ತಿದ್ದ. ಇಲ್ಲಿ ಬೈಯುವವರು ಯಾರೂ ಇರಲಿಲ್ಲ. ಮಗಳು ಆ ಯಂತ್ರಗಳನ್ನು ನೋಡುತ್ತಿದ್ದಳು, ಹಿಂದಿನ ಕೋಣೆಯ ಬಾಗಿಲನ್ನು ನೋಡುತ್ತಿದ್ದಳು, ಮುಂದಿನ ಕರೆ ಎತ್ತುತ್ತಿದ್ದಳು.

ಶನಿವಾರ ಅವನು ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರ ಮನೆಗೆ ಹೋಗಿದ್ದ. ಅವರು ರೌಟರನ್ನು ಗಾಜಿನ ಕಪಾಟಿನಲ್ಲಿ, ಬೆಳ್ಳಿ ಲೋಟಗಳ ನಡುವೆ ಇಟ್ಟು ಬೀಗ ಹಾಕಿದ್ದರು. ಮೊಮ್ಮಕ್ಕಳು ಮುಟ್ಟಬಾರದಂತೆ. ಕಡ್ಡಿಯಣ್ಣ ಎಂದಿನಂತೆ ಶುರುಮಾಡಿದ. ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರ ಹೆಂಡತಿ, ಯಾರಾದರೂ ತಮ್ಮ ಗಂಡನಿಗೆ ಪಾಠ ಹೇಳುವುದನ್ನು ನಲವತ್ತು ವರ್ಷದಿಂದ ಕಾಯುತ್ತಿದ್ದವರಂತೆ, ಖುಷಿಯಿಂದ ನಿಂತಿದ್ದರು. ಆಮೇಲೆ ಆಕೆಯೇ ಕೇಳಿದರು, "ನಿಮ್ಮನೇಲಿ ಎಲ್ಲಿಟ್ಟಿದ್ದೀರಪ್ಪ?"

"ಹಜಾರದಲ್ಲಿ. ನಡುಮಧ್ಯ" ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಒಂದು ಕ್ಷಣ ಹೌದೆನಿಸಿತು. ಇದು ತನ್ನ ಮೊದಲ ಸುಳ್ಳಲ್ಲ ಎಂದೂ ಅನಿಸಿತು. ಬೀಗದ ಕೈ ಇಸಿದುಕೊಂಡು ಕಪಾಟು ತೆಗೆದ.

ಅಂದು ಪಾಳಿ ಮುಗಿದ ಮೇಲೆ ರಾತ್ರಿ ಮಗಳು ಕಿವಿಗೆ ಹಾಕುವ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಬಟ್ಟೆ ಮಡಚುತ್ತಿದ್ದಳು. ಕುರ್ಚಿಯ ಮೇಲೆ ಬ್ಯಾಗು ಬಾಯಿ ತೆರೆದುಕೊಂಡಿತ್ತು.

"ಇವತ್ತು ಎರಡು ಕಾಲ್ ಕಟ್ ಆಯ್ತು" ಎಂದಳು. "ಸೋಮವಾರ ಒಂದೇ ಒಂದು ಕಟ್ ಆದ್ರೂ ಕೆಲಸದಿಂದ ತೆಗೀತಾರಂತೆ. ನಾಳೆ ಸಂಜೆ ಚಿಕ್ಕಮ್ಮನ ಮನೆಗೆ ಹೋಗ್ತೀನಿ ಅಪ್ಪ. ಅಲ್ಲಿ ನೆಟ್ ಚೆನ್ನಾಗಿದೆ."

"ಯಾವಾಗ ಬರ್ತೀಯ?"

"ಕೆಲಸ ಅಲ್ಲಿಂದ್ಲೇ ಅಂದ್ಮೇಲೆ ಮತ್ತೆ ಬರೋದೇನು."

"ನೋಡೋಣ" ಎಂದ. ಎಂಟು ತಿಂಗಳಿಂದ ಅವನು ಎಲ್ಲದಕ್ಕೂ ನೋಡೋಣ ಎನ್ನುತ್ತಿದ್ದ. ಅವಳು ಹೋದರೆ ಈ ಮನೆಯಲ್ಲಿ ತಾನೊಬ್ಬನೇ ಎಂಬುದು ತಲೆಗೆ ಹೋಯಿತು, ಕೆಳಗೆ ಇಳಿಯಲಿಲ್ಲ.

ಭಾನುವಾರ ಬೆಳಗ್ಗೆ, ಇನ್ನೊಂದು ರಿಪೀಟರ್ ಎಲ್ಲಿ ಸಿಕ್ಕಿಸಬಹುದು ಎಂದು ನೋಡಲು ಅವನು ತನ್ನ ರೌಟರಿನ ದಾಖಲೆಯನ್ನು ಫೋನಿನಲ್ಲಿ ತೆಗೆದ. ಯಾವ ಯಂತ್ರ, ಎಷ್ಟು ಹೊತ್ತಿಗೆ, ಎಷ್ಟು ನಂಬರಿನಲ್ಲಿ ಅಂಟಿಕೊಂಡಿತ್ತು ಎಂಬುದನ್ನು ಪೆಟ್ಟಿಗೆ ಒಂದು ತಿಂಗಳವರೆಗೆ ನೆನಪಿಡುತ್ತದೆ. ಗಿರಾಕಿಗಳ ಮನೆಯಲ್ಲಿ ಅದನ್ನು ಅವನು ದಿನಾ ಓದುತ್ತಾನೆ. ತನ್ನ ಮನೆಯದನ್ನು ಹೆಂಡತಿ ಹೋದಮೇಲೆ ಓದಿರಲಿಲ್ಲ.

ಈ ಎರಡು ವಾರದ ಸಂಜೆಗಳಲ್ಲಿ ಮಗಳ ಲ್ಯಾಪ್‌ಟಾಪು ಎಂಬತ್ತೆರಡು, ಎಂಬತ್ತೈದು. ಅದು ಗೊತ್ತಿದ್ದದ್ದೇ. ಬೆರಳಿನಿಂದ ಇನ್ನಷ್ಟು ಹಿಂದಕ್ಕೆ ಸರಿಸಿದ. ಹಗಲು ಪಾಳಿಯ ದಿನಗಳು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ, ದಿನವೂ, ಅದೇ ಲ್ಯಾಪ್‌ಟಾಪು ಮೂವತ್ತೊಂದು. ಮೂವತ್ತು. ಮೂವತ್ತೆರಡು.

ಹಜಾರದಲ್ಲಿ ಕೂತರೆ ಮೂವತ್ತು ಬರುವುದಿಲ್ಲ. ಅಡುಗೆಮನೆಯಲ್ಲೂ ಬರುವುದಿಲ್ಲ. ಮೂವತ್ತು ಬರಬೇಕಾದರೆ ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿರಬೇಕು. ಅವನು ಆ ನಂಬರುಗಳನ್ನು ಮೂರು ಸಲ ಓದಿದ. ಆರು ಗಂಟೆಗೆ ತಾನು ಬರುವುದು, ಐದೂವರೆಗೆ ಅದು ನಿಂತುಹೋಗುವುದು, ಎರಡನ್ನೂ ಕೂಡಿಸಿದ. ಎದ್ದು ಹೋಗಿ ಮಗಳ ಮುಂದೆ ನಿಂತ.

"ನೀನು ಕೂತ್ಕೊಳ್ಳೋ ಜಾಗ ತೋರ್ಸು" ಎಂದ.

ಅವಳು ಅವನ ಕೈಯಲ್ಲಿದ್ದ ಫೋನು ನೋಡಿದಳು. ಹೋಗಿ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಹಿಂದೆ ಕಿರುಗುಡುತ್ತಿದ್ದ ಬಾಗಿಲು ಈಗ ಸದ್ದಿಲ್ಲದೆ ತೆರೆಯಿತು. ಯಾರೋ ಎಣ್ಣೆ ಬಿಟ್ಟಿದ್ದರು.

ಒಳಗೆ ಮುಗ್ಗಲು ವಾಸನೆ ಇರಲಿಲ್ಲ. ಕಿಟಕಿಯ ಗಾಜು ಒರೆಸಿತ್ತು. ಮಂಚದ ಮೇಲೆ ಅದೇ ನೀಲಿ ಹೊದಿಕೆ, ಗೋಡೆಯ ಕಡೆ ಒಬ್ಬರು ಕೂತೂ ಕೂತೂ ತಗ್ಗಾದ ಗುರುತು. ತಲೆದೆಸೆಯಲ್ಲಿ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತಿತ್ತು. ಅದರ ಮೇಲೆ ಒಂದು ಕಣ ಧೂಳಿರಲಿಲ್ಲ.

"ದಿನಾ ಇಲ್ಲೇನಾ?"

"ಹೂಂ. ನೀನು ಬರೋಷ್ಟರಲ್ಲಿ ಬಾಗಿಲು ಹಾಕ್ತಿದ್ದೆ."

"ಹೇಳ್ಬಾರ್ದಿತ್ತಾ?"

"ಈ ಬಾಗಿಲು ದಾಟೋವಾಗ ನೀನು ಮುಖ ಆ ಕಡೆ ಮಾಡ್ಕೊಂಡು ಹೋಗ್ತೀಯ" ಎಂದಳು. "ನಿನ್ನೆದುರಿಗೆ ಹೇಗೆ ತೆಗೀಲಿ?"

ಅವನು ಒಂದೊಂದಾಗಿ ಮೂರೂ ರಿಪೀಟರ್ ಕಿತ್ತು ಚೀಲಕ್ಕೆ ಹಾಕಿದ. ಪೆಟ್ಟಿಗೆಯನ್ನು ಹೊರಗೆ ತರಲೆಂದು ಸ್ಕ್ರೂಡ್ರೈವರ್ ಹಿಡಿದು ಹೋದವನು ಅದರ ಮುಂದೆ ಸುಮಾರು ಹೊತ್ತು ನಿಂತು, ಹಾಗೇ ವಾಪಸು ಬಂದ. "ಅಲ್ಲೇ ಇರ್ಲಿ. ನೀನೂ ಅಲ್ಲೇ ಕೂತ್ಕೊ. ಬಾಗಿಲು ತೆಗ್ದಿರು" ಎಂದ. ಮಗಳು ಆ ಸಂಜೆ ಚಿಕ್ಕಮ್ಮನ ಮನೆಗೆ ಹೋಗಲಿಲ್ಲ. ಬ್ಯಾಗು ಮಾತ್ರ ಕುರ್ಚಿಯ ಮೇಲೆ ಹಾಗೇ ಇತ್ತು.

ಸೋಮವಾರ ಸಂಜೆ ಅವನು ಹಜಾರದಲ್ಲಿ ತಟ್ಟೆಯ ಮುಂದೆ ಕೂತಿದ್ದ. ತೆರೆದ ಬಾಗಿಲಿನಿಂದ ಮಗಳ ದನಿ ಬರುತ್ತಿತ್ತು. ಯಾರೋ ಒಬ್ಬರು ಯಂತ್ರ ನೀರು ಕಾರಿ ಮನೆಯೆಲ್ಲ ಕೆರೆಯಾದ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದಿರಬೇಕು. ಅವಳು ಹೂಂಗುಟ್ಟುತ್ತಲೇ ಇದ್ದಳು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಕರೆ ತುಂಡಾಗಲಿಲ್ಲ.

"ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಅವಳು ಕೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಮಾತು ತನ್ನನ್ನೇ ಕೇಳಿದ ಹಾಗೆ ಅವನಿಗೆ ಅನಿಸಿದ್ದು ಅದೇ ಮೊದಲು. ತಟ್ಟೆ ಬದಿಗೆ ಸರಿಸಿ, ಕೈ ತೊಳೆದು ಕೋಣೆಗೆ ಹೋದ. ಮಂಚದ ಅಂಚಿನಲ್ಲಿ ಕೂತ. ಕೈಕಾಲಿಗೆ ಜೋಮು ಹಿಡಿದದ್ದು ಬಿಡುವಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಎದೆಯೊಳಗೆ ಅಂಥದೇ ನೋವು ಶುರುವಾಗಿತ್ತು. ಮಗಳು ಹೆಡ್‌ಫೋನ್ ತೆಗೆಯುವವರೆಗೆ ಕಾದ.

"ಅವತ್ತು ಆ ಮನೇಲಿ ಸಿಗ್ನಲ್ ಇತ್ತು" ಎಂದ. "ಫೋನು ಜೇಬಲ್ಲೇ ಹೊಡ್ಕೊಳ್ತಿತ್ತು. ಇನ್ನೊಂದು ಸ್ಕ್ರೂ ಬಾಕಿ ಇತ್ತು. ಮುಗಿಸ್ಕೊಂಡೇ ಇಳಿಯೋಣ ಅಂತ ಬಿಟ್ಟೆ."

ಮಗಳು ಹೆಡ್‌ಫೋನಿನ ತಂತಿಯನ್ನು ನಿಧಾನವಾಗಿ ಸುತ್ತಿಟ್ಟಳು.

"ಗೊತ್ತು ಅಪ್ಪ" ಎಂದಳು. "ಸಿಗ್ನಲ್ ಇಲ್ದಿದ್ರೆ ಈ ಕಡೆ ರಿಂಗ್ ಕೇಳ್ಸಲ್ವಲ್ಲ. ಫೋನು ಅಮ್ಮನ ಕಿವಿಗೆ ಹಿಡಿದಿದ್ದೆ. ಪೂರ್ತಿ ರಿಂಗ್ ಆಯ್ತು."